ಯಾರೂ ಹೇಳದ ಬಹಿಷ್ಕಾರ

ಸೋನ್ಯಾಳ, ತಾಲ್ಲೂಕು ಜತ್ತ
ಯುಗಾದಿಯ ಮರುವಾರ, ಸೋಮವಾರ, 1953

ಮೊಮ್ಮಗಳು ಹಾಲವ್ವನಿಗೆ ಆಯಿಯ ಆಶೀರ್ವಾದ.

ನೀನು ನಿನ್ನ ವಕೀಲರ ಜೊತೆ ಸಂಖದ ಗಾಡಿ ಹತ್ತಿ ಹೋದಾಗಿನಿಂದ ಊರಿನಲ್ಲಿ ನಿಮ್ಮದೇ ಮಾತು. ಸೊಲ್ಲಾಪುರದಿಂದ ನಾಗರಿಕ ಹಕ್ಕು ಸಭೆ ಎಂಬ ನಿಮ್ಮ ಸಂಘ ಬಂತು, ಕಾಯ್ದೆ ಹೇಳಿತು, ಏನೂ ಮಾರಲಿಲ್ಲ, ವೋಟು ಕೂಡ ಕೇಳಲಿಲ್ಲ. ಹಾಗಾದರೆ ಯಾಕೆ ಬಂದಿತ್ತು ಎಂದು ಎಲ್ಲರಿಗೂ ಗುಮಾನಿ. "ಮರಾಠಿ ಮಾತು ಕನ್ನಡದಾಗ ತಿರುವಿ ಹೇಳಾಕಿ ನಿಮ್ಮ ಮೊಮ್ಮಗಳ ಅಲ್ಲೇನ್ರಿ? ಆಕಿಗೆ ಪಗಾರ ಕೊಡ್ತಾರೋ, ಊಟಕ್ಕಷ್ಟ ಹಾಕ್ತಾರೋ?" ಎಂದು ನನ್ನನ್ನು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಸುಳ್ಳಲ್ಲ, ನೀನು ಹೇಳಿಲ್ಲ.

ಸಭೆಯ ಗುಣದೋಷ ಹೇಳುತ್ತೇನೆ, ಸಿಟ್ಟಾಗಬೇಡ. ನಿಮ್ಮ ತುಕಾರಾಮ ವಕೀಲರು ಚೈತ್ರದ ಬಿಸಿಲಿನಲ್ಲಿ ಕರಿಕೋಟು ತೊಟ್ಟು ಚಾವಡಿಯ ಕಟ್ಟೆಯ ಮೇಲೆ ನಿಂತದ್ದು ನೋಡಿ ನನಗೆ ಬೆವರು ಬಂತು. ಹೆಂಗಸರನ್ನು ಎಲ್ಲರಿಗಿಂತ ಹಿಂದೆ, ದನದ ಗ್ವಾದಲಿಯ ಹತ್ತಿರ ಕೂಡಿಸಿದಿರಿ. ಅರ್ಧ ಮಾತು ನಾವು ಕೇಳಿದೆವು, ಅರ್ಧ ಎತ್ತುಗಳು ಕೇಳಿದವು. ಅವುಗಳಿಗೆ ಎಷ್ಟು ತಿಳಿಯಿತೋ ಕಾಣೆ, ನಮಗೆ ತಿಳಿದದ್ದು ಸ್ವಲ್ಪ.

ನನಗೆ ಗೊತ್ತಿದ್ದ ಹಕ್ಕು ಒಂದೇ. ಸುಗ್ಗಿಯಲ್ಲಿ ಬಡಿಗ, ಕಂಬಾರ, ನಾವಿ ಕಣಕ್ಕೆ ಬಂದು ತಮ್ಮ ಪಾಲಿನ ತೆನೆಯ ಸೂಡು ಹೊತ್ತುಕೊಂಡು ಹೋಗುತ್ತಿದ್ದರು, ಅದು ಅವರ ಹಕ್ಕು. ಕೊಡದಿದ್ದರೆ ಮರುದಿನ ಕುಂಟೆಯ ಕುಡ ಹಣಿದು ಹರಿತ ಮಾಡಿ ಕೊಡುವವರು ಇರುತ್ತಿರಲಿಲ್ಲ. ಈಗ ಎಲ್ಲರಿಗೂ ಹಕ್ಕು ಇದೆ ಎಂದು ವಕೀಲರು ಅಂದರು. ಚಲೋ ಆಯಿತು. ಅದಕ್ಕೆ ಯಾವ ಕಣಕ್ಕೆ ಹೋಗಬೇಕು, ಅಳೆದು ಕೊಡುವವರು ಯಾರು, ಕೊಡದಿದ್ದರೆ ನಾವು ಏನನ್ನು ಹಣಿಯದೆ ಬಿಡಬೇಕು? ಚೇಷ್ಟೆಯಲ್ಲ, ತಿಳಿಯಬೇಕೆಂದೇ ಕೇಳುತ್ತಿದ್ದೇನೆ.

ಸಭೆಯಲ್ಲಿ ಎದ್ದ ಪ್ರಶ್ನೆ ಒಂದೇ, ನಿನಗೆ ನೆನಪಿರಬೇಕು. ಜಾತಿಯ ಹಿರಿಯರು ಯಾರನ್ನಾದರೂ ಜಾತಿಯಿಂದ ಹೊರಗೆ ಹಾಕಿದರೆ ಅದು ಈಗ ಗುನ್ಹೆ ಎಂದು ವಕೀಲರು ಹೇಳಿದಾಗ ಕುರುಬರ ಓಣಿಯ ಹಿರಿಯ ಶಿದ್ರಾಯ ಎದ್ದುನಿಂತ. "ಸಾಹೇಬ್ರ, ಹೊರಗ ಹಾಕೀವಿ ಅಂತ ಬಾಯಿಲೆ ಅಂದ್ರ ಗುನ್ಹೆ. ಬಾಯಿ ಬಿಟ್ಟ ಏನೂ ಅನ್ನದಿದ್ರ?" ಎಂದ. ನೀನು ಮರಾಠಿಗೆ ತಿರುವಿದೆ. ವಕೀಲರು ನಕ್ಕು, ಏನೂ ಅನ್ನದ ಮೇಲೆ ಗುನ್ಹೆ ಎಲ್ಲಿಂದ ಬಂತು ಎಂದರು. ಜನವೂ ನಕ್ಕಿತು. ಶಿದ್ರಾಯ ನಗಲಿಲ್ಲ, ತಲೆಯಾಡಿಸಿ ಕೂತ. ಅವನಷ್ಟು ಲಕ್ಷ್ಯಕೊಟ್ಟು ಕೇಳಿದವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಯಾಕೆ ಕೇಳಿದ ಎಂಬುದು ನನ್ನ ತಲೆಯನ್ನು ಕೊರೆಯುತ್ತಿದೆ.

ನಮ್ಮ ಹಿತ್ತಲ ಗೋಡೆಯ ಆಚೆ ದುಂಡವ್ವ ಇದ್ದಾಳಲ್ಲ, ಶಿದ್ರಾಯನ ಸತ್ತ ಅಣ್ಣನ ಹೆಂಡತಿ, ಅವಳ ಮಗಳು ಅಕ್ಕವ್ವ ಡಫಳಾಪುರದ ಗಂಡನ ಮನೆ ಬಿಟ್ಟು ಬಂದು ಕೂತಿದ್ದಾಳೆ. ಸಂಕ್ರಾಂತಿಗೆ ಬಂದವಳು. ಬಂದಾಗ ಎಡಗೈ ಮೇಲೆತ್ತಲು ಆಗುತ್ತಿರಲಿಲ್ಲ. ಏನಾಯಿತು ಎಂದು ಕೇಳಿದೆ. "ಬಿದ್ದಾಳ್ರಿ" ಎಂದಳು ದುಂಡವ್ವ. ಬಿದ್ದವಳು ಗಂಡನ ಮನೆಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳದೆ ತವರಿನ ತನಕ ನಡೆದು ಬರುತ್ತಾಳೆಯೇ. ಹಿರಿಯರು ಕಳಿಸು ಎನ್ನುತ್ತಾರೆ, ದುಂಡವ್ವ ಕಳಿಸುವುದಿಲ್ಲ ಎನ್ನುತ್ತಾಳೆ. ಸಭೆಯ ದಿನ ನನ್ನ ಪಕ್ಕದಲ್ಲೇ ಕೂತಿದ್ದಳು, ತುಟಿ ಬಿಚ್ಚಲಿಲ್ಲ.

ನಿನ್ನ ಅವ್ವನೂ ಗಂಡನ ಮನೆಯಿಂದ ಎರಡು ಸಲ ಹೊಳ್ಳಿ ಬಂದಿದ್ದಳು, ಎರಡು ಸಲವೂ ತಿರುಗಿ ಕಳಿಸಿದೆವು. ಆ ಕಾಲಕ್ಕೆ ಇಂಥ ಸಭೆ ಇರಲಿಲ್ಲ. ಆ ಮಾತು ಇಲ್ಲಿಗೆ ಬಿಟ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ
ಸಂಗವ್ವ


ಸೊಲ್ಲಾಪುರ
1 ಏಪ್ರಿಲ್ 1953

ಪೂಜ್ಯ ಆಯಿಗೆ ಹಾಲವ್ವನ ನಮಸ್ಕಾರಗಳು.

ನಿನ್ನ ಕಣದ ಪ್ರಶ್ನೆಯನ್ನು ವಕೀಲರಿಗೆ ಓದಿ ಹೇಳಿದೆ. ಅವರು ಪೆನ್ಸಿಲ್ ಕಚ್ಚುತ್ತ ಕೂತರು. ಕೊನೆಗೆ, ಕಣ ಎಂದರೆ ಕೋರ್ಟು, ಅಳೆಯುವವನು ನ್ಯಾಯಾಧೀಶ, ಕೊಡದಿದ್ದರೆ ಕೊಡಿಸುವುದು ಸರ್ಕಾರ ಎಂದರು. ಕಂಬಾರನ ಹಕ್ಕು ಅವನು ಮಾಡಿದ ಕೆಲಸಕ್ಕೆ ಸಿಕ್ಕದ್ದು, ಈ ಹಕ್ಕು ಮನುಷ್ಯರಾಗಿ ಹುಟ್ಟಿದ್ದಕ್ಕೆ ಸಿಕ್ಕದ್ದು, ಇದಕ್ಕೆ ಪ್ರತಿಯಾಗಿ ಕುಡ ಹಣಿಯಬೇಕಾಗಿಲ್ಲ ಎಂದು ನಿನಗೆ ಬರೆಯಲು ಹೇಳಿದರು. ಇನ್ನು ಮುಂದೆ ಹಳ್ಳಿಗೆ ಹೋದಾಗ ಇದೇ ಉದಾಹರಣೆ ಹೇಳುತ್ತಾರಂತೆ. ಕೋಟಿನ ವಿಷಯ ಮಾತ್ರ ನಾನು ಓದಿ ಹೇಳಲಿಲ್ಲ.

ಶಿದ್ರಾಯಕಾಕಾ ಎದ್ದು ಕೇಳಿದ್ದು ನಮಗೆಲ್ಲ ಬಹಳ ಸಂತೋಷ ತಂದಿದೆ. ಸಂಖದಲ್ಲಿ, ಸೋನ್ಯಾಳಕ್ಕೂ ಮೊದಲು ಹೋದ ಊರುಗಳಲ್ಲಿ ಜನ ಸುಮ್ಮನೆ ಕೇಳಿ ಎದ್ದು ಹೋದರು. ಹಿರಿಯನೊಬ್ಬ ತಾನಾಗಿ ಕಾಯ್ದೆಯ ಎಲ್ಲೆ ಯಾವುದೆಂದು ಕೇಳಿದ್ದು ಜಾಗೃತಿಯ ಗುರುತು ಎಂದು ವರದಿಯಲ್ಲಿ ಬರೆದೆ.

ಇದರ ಜೊತೆ ಒಂದು ಹಸ್ತಪತ್ರ ಇಟ್ಟಿದ್ದೇನೆ. ಕನ್ನಡ ನನ್ನದೇ. ಹೆಂಗಸರಿಗೆ ಓದಿ ಹೇಳು. ಎಲ್ಲಿ ತಿಳಿಯಲಿಲ್ಲ, ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು ಎಂಬುದನ್ನು ಬರೆ. ಎತ್ತುಗಳನ್ನು ಮುಂದಿನ ಸಲ ಬೇರೆ ಕಡೆ ಕಟ್ಟಿಸುತ್ತೇವೆ.

ಅವ್ವನ ಮಾತನ್ನು ನೀನು ಅರ್ಧಕ್ಕೆ ಬಿಟ್ಟಿದ್ದೀ. ನಾನೂ ಎತ್ತುವುದಿಲ್ಲ.

ಅಕ್ಕವ್ವನ ಕೈ ಈಗ ಹೇಗಿದೆ?

ನಿನ್ನ
ಹಾಲವ್ವ


ಸೋನ್ಯಾಳ
ಅಧಿಕ ಮಾಸ ಹಿಡಿದ ಮೊದಲ ಗುರುವಾರ

ಹಾಲವ್ವಾ,

ನಿನ್ನ ವರದಿಯಲ್ಲಿ ಆ ಜಾಗೃತಿಯ ಮಾತು ಹೊಡೆದು ಹಾಕು. ಶಿದ್ರಾಯ ಯಾಕೆ ಕೇಳಿದ ಎಂಬುದು ತಿಳಿಯಿತು.

ಕುರುಬರ ಹಿರಿಯರು ಕೂಡುವಾಗ ಶಿದ್ರಾಯನ ಅಂಗಳದಲ್ಲಿ ಒಂದು ದೊಡ್ಡ ಕಂಬಳಿ ಹಾಸುತ್ತಾರೆ. ಜಾತಿಯವರು ಯಾರೇ ಬಂದರೂ ಅದರ ಅಂಚಿಗಾದರೂ ಕೂಡಬೇಕು, ಕೂತವರು ಒಳಗಿನವರು. ಹೋದ ವಾರ ದುಂಡವ್ವನಿಗೂ ಹೇಳಿಕಳಿಸಿದ್ದರು, ಹೋದಳು. ಇವಳು ಅಂಚಿಗೆ ಮೊಣಕಾಲು ಊರುತ್ತಲೇ ಶಿದ್ರಾಯ ಎದ್ದುನಿಂತ. ಉಳಿದವರೂ ಎದ್ದರು. ಇಬ್ಬರು ಕೂಡಿ ಕಂಬಳಿ ಮಡಿಚಿದರು. "ಇವತ್ತ ಸೆಕಿ ಭಾಳ ಐತಿ, ಮತ್ತ ಯಾವಾಗರೆ ಕೂಡೂನು" ಎಂದು ಯಾರೋ ಅಂದರಂತೆ. ದುಂಡವ್ವ ಬರೀ ನೆಲದ ಮೇಲೆ ಕೂತೇ ಇದ್ದಳಂತೆ, ಅಂಗಳ ಖಾಲಿಯಾಗುವ ತನಕ.

ಮೊದಲಾಗಿದ್ದರೆ ಹೊರಗೆ ಹಾಕಿದ್ದೇವೆ ಎಂದು ಬಾಯಿಬಿಟ್ಟು ಹೇಳುತ್ತಿದ್ದರು, ದಂಡ ಹೇಳುತ್ತಿದ್ದರು, ತಪ್ಪು ಏನೆಂದು ಹೇಳುತ್ತಿದ್ದರು. ಬೈದಾಡಲಿಕ್ಕೆ ಒಂದು ಮಾತಾದರೂ ಇರುತ್ತಿತ್ತು. ಈಗ ಏನೂ ಇಲ್ಲ. ನಿಮ್ಮ ವಕೀಲರು ಊರಿಗೆಲ್ಲ ಪಾಠ ಹೇಳಿದರು, ಕಲಿತವನು ಶಿದ್ರಾಯ ಒಬ್ಬನೇ.

ಇದರಿಂದ ದುಂಡವ್ವನಿಗೆ ಆಗುವುದೇನು ಎಂದರೆ, ಅವಳ ಹೊಟ್ಟೆ ನಡೆಯುವುದು ಕಂಬಳಿಯ ಮೇಲೆ. ಚಳಿಗಾಲವೆಲ್ಲ ತಾಯಿ ಮಗಳು ಕೂತು ನೂತ ಉಣ್ಣೆ ಮೂಲೆಯಲ್ಲಿ ಬಿದ್ದಿದೆ. ಅದರ ಎಳೆಗಳನ್ನು ಓಣಿಯುದ್ದಕ್ಕೂ ಗೂಟಕ್ಕೆ ಜಗ್ಗಿ ಕಟ್ಟಬೇಕು, ಅದಕ್ಕೆ ಹಾಸು ಎನ್ನುತ್ತಾರೆ. ಹುಣಸೆ ಬೀಜದ ಸರಿ, ಅಂದರೆ ಗಂಜಿ ಕಾಯಿಸಿ, ಬಿಸಿಲು ಏರುವುದರೊಳಗೆ ಆ ಹಾಸಿನ ಮೇಲೆ ಕುಂಚದಿಂದ ಹಚ್ಚಬೇಕು, ಹಚ್ಚಿದ ಹಾಗೇ ಅಂಟದಂತೆ ಎಳೆಗಳನ್ನು ಬಿಡಿಸುತ್ತ ಹೋಗಬೇಕು. ಒಂದಿಬ್ಬರಿಂದ ಆಗುವ ಕೆಲಸವಲ್ಲ. ಇವತ್ತು ನಿನ್ನ ಹಾಸು, ನಾಳೆ ನನ್ನದು ಎಂದು ಓಣಿಯ ಹೆಂಗಸರು ಒಬ್ಬರಿಗೊಬ್ಬರು ಕೈ ಹಚ್ಚುತ್ತಾರೆ. ಈ ವರ್ಷ ದುಂಡವ್ವನ ಹಾಸಿನ ಕೆಲಸಕ್ಕೆ ಯಾರೂ ಬರಲಿಲ್ಲ. ಒಬ್ಬಳ ಮಗುವಿಗೆ ಜ್ವರ, ಒಬ್ಬಳ ಸೊಂಟ ಹಿಡಿದಿದೆ, ಇನ್ನೊಬ್ಬಳು ಕರೆದರೂ ಕೇಳಿಸದವಳ ಹಾಗೆ ಒಳಗೆ ಹೋದಳು. ನೇಯುವ ಬೀರದೇವ ಎಲ್ಲರಿಗಿಂತ ಶಾಣ್ಯಾ. "ನಾ ಒಲ್ಲೆ ಅನ್ನೂದಿಲ್ಲ ವೈನಿ. ಸರಿ ಹಚ್ಚಿದ ಹಾಸು ತಗೊಂಬಾ, ಅವತ್ತ ಮಗ್ಗಕ್ಕ ಹಾಕ್ತೀನಿ" ಎಂದನಂತೆ. ತರಲಾರಳು ಎಂದು ಗೊತ್ತಿದ್ದೇ ಹೇಳಿದ ಮಾತು.

ಮಳೆ ಹಿಡಿದರೆ ಸರಿ ಹಚ್ಚುವ ಹಾಗಿಲ್ಲ. ಕಂಬಳಿ ಇಲ್ಲದಿದ್ದರೆ ಜೋಳವಿಲ್ಲ, ಜೋಳವಿಲ್ಲದಿದ್ದರೆ ಮನೆಯಲ್ಲಿ ಎರಡು ಬಾಯಿ ಇಟ್ಟುಕೊಳ್ಳುವುದು ಹೇಗೆ? ಹಿರಿಯರು ಕಾಯುತ್ತಿರುವುದು ಅದಕ್ಕೇ. ಅಧಿಕ ಮಾಸದಲ್ಲಿ ಹೆಣ್ಣುಮಗಳನ್ನು ಕಳಿಸಬಾರದು ಎಂದು ಡಫಳಾಪುರದವರು ಸುಮ್ಮನಿದ್ದಾರೆ, ತಿಂಗಳು ಕಳೆದ ಮೇಲೆ ಬರುತ್ತಾರೆ. "ಕೂಳಿಲ್ದ ಕೂಡಿಸ್ಕೊಂಡ ಸಾಯಸೂದಕ್ಕಿಂತ ಕಳಸೂದ ಚಲೋ ಏನ್ರಿ ಸಂಗವ್ವಾಯಿ?" ಎಂದು ದುಂಡವ್ವ ನಿನ್ನೆ ಗೋಡೆಯ ಆಚೆಯಿಂದ ಕೇಳಿದಳು. ಗೋಡೆಯ ಮೇಲಿಂದ ಮಜ್ಜಿಗೆ ಕೊಟ್ಟೆ.

ಮಾತು ಆಡಿದ್ದಕ್ಕೆ ಸಾಕ್ಷಿ ತರಬಹುದು. ಆಡದೆ ಬಿಟ್ಟದ್ದಕ್ಕೆ ಎಲ್ಲಿಂದ ತರುವುದು? ವಕೀಲರು ಮತ್ತೆ ಪೆನ್ಸಿಲ್ ಕಚ್ಚಲಿ.

ಆಯಿ
ಸಂಗವ್ವ


ಸೊಲ್ಲಾಪುರ
27 ಏಪ್ರಿಲ್ 1953

ಪೂಜ್ಯ ಆಯಿಗೆ,

ನಿನ್ನ ಪತ್ರವನ್ನು ಸಭೆಯ ಕಚೇರಿಯಲ್ಲಿ ಎಲ್ಲರೆದುರು ಓದಿದೆ. ಓದು ಮುಗಿದ ಮೇಲೆ ತುಕಾರಾಮ ವಕೀಲರು, "ಆ ಮನುಷ್ಯ ಕೇಳಿದಾಗ ನಾನು ನಗಬಾರದಿತ್ತು" ಎಂದರು. ಆಮೇಲೆ ಕಾಯ್ದೆಯ ಪುಸ್ತಕ ತೆಗೆದರು.

ಅವರು ಹೇಳುವುದು ಹೀಗೆ. ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಕೂಡಿ ಹಾಗೆ ನಡೆದುಕೊಂಡರೆ ಅದರ ಹಿಂದೆ ಒಂದು ನಿರ್ಣಯ ಇದೆ ಎಂದು ವಾದಿಸಲು ಬರುತ್ತದೆ. ಕಷ್ಟ, ಆದರೆ ಆಗದ ಮಾತಲ್ಲ. ದುಂಡವ್ವ ಫಿರ್ಯಾದಿಗೆ ಹೆಬ್ಬೆಟ್ಟು ಹಾಕಬೇಕು. ಕಂಬಳಿ ಮಡಿಚಿದಾಗ ಅಲ್ಲಿದ್ದವರು ಯಾರಾದರೂ ಕೋರ್ಟಿಗೆ ಬಂದು ಹೇಳಬೇಕು. ಸಭೆ ಒಂದು ಪೈ ತೆಗೆದುಕೊಳ್ಳುವುದಿಲ್ಲ, ಜತ್ತಕ್ಕೆ ವಕೀಲರೇ ಬರುತ್ತಾರೆ. ನಾನೂ ಬರುತ್ತೇನೆ.

ಆಯಿ, ಅವಳನ್ನು ಒಪ್ಪಿಸು. ಇದೊಂದು ಖಟ್ಲೆ ಗೆದ್ದರೆ ತಾಲ್ಲೂಕಿನ ಎಲ್ಲ ಊರುಗಳಿಗೂ ಹೇಳಲು ನಮಗೊಂದು ಉದಾಹರಣೆ ಸಿಗುತ್ತದೆ. ಅಕ್ಕವ್ವನನ್ನು ಮಾತ್ರ ಕಳಿಸಬೇಡಿ ಎಂದು ನನ್ನ ಹೆಸರಿನಿಂದ ಹೇಳು. ಇಷ್ಟು ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ಹೇಳುತ್ತಿದ್ದೇನೆ.

ನಿನ್ನ
ಹಾಲವ್ವ


ಸೋನ್ಯಾಳ
ಅಧಿಕ ಮಾಸ ಮುಗಿಯುವ ಮುಂಚಿನ ಸೋಮವಾರ

ಹಾಲವ್ವಾ,

ಹೆಬ್ಬೆಟ್ಟು ಸಿಗುವುದಿಲ್ಲ. ಕಾರಣ ಬರೆಯುತ್ತೇನೆ, ವಕೀಲರಿಗೆ ನಿಧಾನವಾಗಿ ಓದಿ ಹೇಳು.

ನಿನ್ನ ಕಾಗದ ಓದಿ ಮುಗಿಸುವ ತನಕ ದುಂಡವ್ವ ನೂಲುವುದನ್ನು ಬಿಡಲಿಲ್ಲ. ಆಮೇಲೆ, "ಖಟ್ಲೆ ಗೆದ್ರ ಏನಾಕ್ಕೈತ್ರಿ?" ಎಂದು ಕೇಳಿದಳು. ಶಿದ್ರಾಯನಿಗೆ ದಂಡ ಬೀಳುತ್ತದೆ ಎಂದೆ.

"ಬಿದ್ದ ಮ್ಯಾಲ?"

"ಬಿದ್ದ ಮ್ಯಾಲ ಏನು? ನಿನ್ನ ಹೊರಗ ಹಾಕಿದ್ದು ತಪ್ಪಂತ ಎಲ್ಲಾರಿಗೂ ಗೊತ್ತಾಕ್ಕೈತಿ."

"ಅದು ಈಗೂ ಎಲ್ಲಾರಿಗೂ ಗೊತ್ತೈತ್ರಿ. ನನ್ನ ಹಾಸಿನ ಮ್ಯಾಲ ಕುಂಚ ಹಿಡ್ಯಾಕ ಬರ್ರಿ ಅಂತ ಕೋರ್ಟ ಹೇಳ್ತೈತೇನು? ಖಾಸ ಮೈದುನನ್ನ ಪೊಲೀಸರ ಸಂಗಾಟ ಕಳಿಸಿ, ಅದ ಓಣ್ಯಾಗ ನಾ ಯಾರ ಸಂಗಾಟ ಮಾತಾಡ್ಲಿ? ಗೋಡಿ ಸಂಗಾಟೇನು?"

ನನಗೆ ಸಿಟ್ಟು ಬಂತು. ಅವಳ ಮೇಲೋ, ಶಿದ್ರಾಯನ ಮೇಲೋ, ನಿಮ್ಮ ಮೇಲೋ ಈಗಲೂ ಹೇಳಲಾರೆ. ಮರುದಿನ ಹಸ್ತಪತ್ರ ಸೆರಗಿನಲ್ಲಿ ಕಟ್ಟಿಕೊಂಡು ಬಾವಿಗೆ ಹೋದೆ. ಕೊಡ ತುಂಬಲು ಬಂದ ಕುರುಬರ ಹೆಂಗಸರನ್ನು ನಿಲ್ಲಿಸಿ ಓದಿದೆ. ನಿನ್ನ ಕನ್ನಡ ಚಲೋ ಇದೆ, ಆದರೆ ವಾಕ್ಯ ಉದ್ದ. ಕೊಡ ಹೊತ್ತವರ ಕುತ್ತಿಗೆ ನೋಯುತ್ತದೆ. ಎದ್ದು ಯಾರೂ ಹೋಗಲಿಲ್ಲ, ಬಾವಿಯ ಕಟ್ಟೆಗೆ ಬಂದವರು ನೀರು ಬಿಟ್ಟು ಎಲ್ಲಿಗೆ ಹೋಗುತ್ತಾರೆ. ಇನ್ನು ಮೇಲೆ ಸಭೆ ಅಲ್ಲಿಯೇ ಮಾಡಿರಿ, ಚಾವಡಿಗಿಂತ ಚಲೋ.

ಓದಿದ ಮೇಲೆ ಕೇಳಿದೆ. "ದುಂಡವ್ವನ ಮನಿಗೆ ಹೋಗಬ್ಯಾಡ್ರಿ ಅಂತ ನಿಮಗ ಯಾರ ಹೇಳ್ಯಾರ?"

"ಯಾರೂ ಹೇಳಿಲ್ರಿ."

"ಮತ್ತ ಯಾಕ ಹೋಗಿಲ್ಲ?"

"ಯಾರೂ ಹೋಗಿಲ್ಲಲ್ರಿ, ಅದಕ್ಕ."

ಶಿದ್ರಾಯನ ಹೆಂಡತಿ ಮಾಳವ್ವನೂ ಅಲ್ಲಿದ್ದಳು. ಸೋನ್ಯಾಳದಲ್ಲಿ ಹಾಸಿನ ಎಳೆಗೆ ಸರಿ ಹಚ್ಚಲು ಅವಳನ್ನು ಮೀರಿಸಿದವರಿಲ್ಲ, ಅದು ಅವಳಿಗೂ ಗೊತ್ತು. ಅವಳನ್ನೇ ನೋಡಿ, "ನೀನರೆ ಹೇಳವಾ, ಮೊದಲ ಹೋಗಾಕಿ ಯಾರು?" ಎಂದೆ. "ನಮ್ಮ ಮಂದಿ ಮಾತು ನಿಮಗ್ಯಾಕ ಬೇಕ್ರಿ" ಎಂದು ಕೊಡ ಎತ್ತಿ ನಡೆದಳು. ಅವಳು ಹೇಳಿದ್ದು ಸುಳ್ಳಲ್ಲ. ಕುರುಬರ ಮಾತು ಕುರುಬರಿಗೆ ಎಂದು ನಾವು ಉಳಿದ ಜಾತಿಯವರೆಲ್ಲ ಕೈಕಟ್ಟಿ ಕೂತಿದ್ದೇವೆ. ನಿಮ್ಮ ಕಾಗದದಲ್ಲಿ ನಮ್ಮಂಥವರ ಬಗ್ಗೆ ಒಂದು ಅಕ್ಷರವಿಲ್ಲ, ಹುಡುಕಿ ನೋಡಿದೆ.

ಈಗ ಒಂದು ಸಣ್ಣ ಪ್ರಶ್ನೆ. ಬೇರೆ ಜಾತಿಯವಳು ಕುರುಬರ ಹಾಸಿನ ಕೆಲಸಕ್ಕೆ ಕೈ ಹಚ್ಚಿದರೆ ಕಾಯ್ದೆ ಏನೆನ್ನುತ್ತದೆ? ಲಗೂನ ಬರೆ.

ಆಯಿ
ಸಂಗವ್ವ


(ಕಾರ್ಡು)
ಸೊಲ್ಲಾಪುರ
15 ಮೇ 1953

ಪೂಜ್ಯ ಆಯಿಗೆ,

ಅದಕ್ಕೆ ಕಾಯ್ದೆ ಇಲ್ಲ. ಮಾಡು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ನಿನಗೆ ಸರಿ ಹಚ್ಚಲು ಬರುತ್ತದೆಯೇ? ನನಗೆ ತಿಳಿದ ಮಟ್ಟಿಗೆ ಬರುವುದಿಲ್ಲ. ನೀನು ಮಾಡಲು ಹೊರಟಿರುವುದು ಏನು?

ಹಾಲವ್ವ


ಸೋನ್ಯಾಳ
ಬಸವ ಜಯಂತಿ ಆಗಿ ಬಂದ ಶುಕ್ರವಾರ

ಹಾಲವ್ವಾ,

ಬರುವುದಿಲ್ಲ. ನಿನ್ನ ಕಾರ್ಡು ಬರುವ ಹೊತ್ತಿಗೆ ಅದು ಇಡೀ ಊರಿಗೆ ಗೊತ್ತಾಗಿತ್ತು.

ದುಂಡವ್ವ ಮೊದಲು ಒಪ್ಪಲಿಲ್ಲ. "ನೀವು ಲಿಂಗವಂತರು, ನಿಮಗ ಇದೆಲ್ಲಾ ಯಾತಕ್ರಿ" ಎಂದಳು. "ನನ್ನ ಕೈಗೆ ಜಾತಿ ಐತಿ, ಕುಂಚಕ್ಕ ಇಲ್ಲ" ಎಂದೆ. ಮೂಡಲ ಕೆಂಪಾಗುವ ಹೊತ್ತಿಗೆ ತಾಯಿ, ಮಗಳು, ನಾನು ಹಾಸು ಹೊತ್ತು ಕುರುಬರ ಓಣಿಗೆ ಹೋದೆವು. ಹಾಸು ಜಗ್ಗಲು ಬರುವಷ್ಟು ಉದ್ದದ ನೆಟ್ಟಗಿನ ಜಾಗ ಇರುವುದು ಶಿದ್ರಾಯನ ಮನೆಯ ಮುಂದೆ. ಮೊದಲಿಂದಲೂ ಎಲ್ಲರೂ ಅಲ್ಲಿಯೇ ಜಗ್ಗುವುದು. ಗೂಟಗಳಿದ್ದವು, ಕಟ್ಟಿದೆವು. ಯಾರೂ ಬೇಡ ಅನ್ನಲಿಲ್ಲ. ಏನೂ ಅನ್ನುವುದಿಲ್ಲ ಎಂಬುದೇ ಅವರ ಪಣವಲ್ಲವೇ.

ಸರಿ ಕಾಯಿಸಿದ್ದು ನಾನು. ಅಕ್ಕವ್ವ ತೆಳ್ಳಗೆ ಮಾಡಿ ಎಂದಳು, ಗಟ್ಟಿಯಾದರೆ ಕಂಬಳಿ ಗಟ್ಟಿಯಾದೀತು ಎಂದು ನಾನು ಅಂಬಲಿಗಿಂತ ದಪ್ಪ ಮಾಡಿದೆ. ಕುಂಚ ಅದ್ದಿ ಮೇಲಿನಿಂದ ಕೆಳಕ್ಕೆ ಬಳಿಯುತ್ತ ಹೋದೆ. ಅಕ್ಕವ್ವನ ಎಡಗೈ ಈಗಲೂ ಹೆಗಲಿನಿಂದ ಮೇಲೆ ಏಳುವುದಿಲ್ಲ, ಒಂದೇ ಕೈಯಿಂದ ಎಷ್ಟು ಬಿಡಿಸುತ್ತಾಳೆ. ದುಂಡವ್ವ ಆ ತುದಿಯಿಂದ ಈ ತುದಿಗೆ ಓಡಾಡಿ ಉಸಿರುಗಟ್ಟಿದಳು. ಹಿಂದೆ ತಿರುಗಿ ನೋಡಿದರೆ ನಾನು ಬಳಿದ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಚಾಪೆಯ ಹಾಗೆ ಕೂತಿದ್ದವು. ನಾನು ಬೇಕೆಂದೇ ಕೆಡಿಸಿದೆ ಎಂದು ಈಗ ಊರಿನಲ್ಲಿ ಕೆಲವರು ಅನ್ನುತ್ತಾರೆ. ಅಷ್ಟು ಬುದ್ಧಿ ನನಗಿಲ್ಲ. ಚಳಿಗಾಲದ ನೂಲೆಲ್ಲ ನನ್ನ ಕೈಯಿಂದ ಹಾಳಾಗುತ್ತಿತ್ತು.

ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಮೊದಲು ಸೆರಗಿನಲ್ಲಿ ನಕ್ಕರು. ಆಮೇಲೆ ನಗು ನಿಂತಿತು. ಉಣ್ಣೆ ಕೆಡುವುದನ್ನು ನೋಡಿ ನಗುವುದು ಆ ಓಣಿಯವರಿಗೆ ಬಹಳ ಹೊತ್ತು ಆಗುವುದಿಲ್ಲ. ಮಾಳವ್ವ ತನ್ನ ಹೊಸ್ತಿಲ ಮೇಲೆ ನಿಂತು, "ಸಂಗವ್ವಾಯಿ, ಗ್ವಾಡಿ ಸಾರಸಾಕತ್ತೀರೇನ್ರಿ?" ಎಂದಳು.

"ನೀ ಒಳಗ ಹೋಗಿ ರೊಟ್ಟಿ ಬಡಿಯವಾ."

"ರೊಟ್ಟಿ ಬಡದ ಬಂದೀನ್ರಿ. ಎಳಿ ಅಂಟಾಕತ್ತಾವ, ಕಾಣಸೂದಿಲ್ಲೇನ್ರಿ?"

"ಕಾಣಸ್ತಾವ. ಬಿಡಿಸೂದ ಹೆಂಗ ಅಂತ ಗೊತ್ತಿಲ್ಲ."

"ಗೊತ್ತಿಲ್ದಾಕಿ ಕೈ ಯಾಕ ಹಚ್ಚೀರಿ?"

"ಗೊತ್ತಿದ್ದಾಕಿ ಹಚ್ಚಲಿಲ್ಲ, ಅದಕ್ಕ ಹಚ್ಚೀನಿ."

ಅವಳ ಮೂಗಿನ ಹೊಳ್ಳೆ ಅರಳಿತು. ಬಿಸಿಲು ಗೋಡೆಯಿಂದ ಇಳಿದು ಹಾಸಿನ ತುದಿಗೆ ಮುಟ್ಟಿತ್ತು. ಒಣಗಿತೆಂದರೆ ಕೆಲಸ ಮುಗಿಯಿತು, ಆ ಹಾಸು ಕತ್ತೆಯ ಹಗ್ಗಕ್ಕೂ ಬರುವುದಿಲ್ಲ. ಮಾಳವ್ವ ಒಮ್ಮೆ ಬಿಸಿಲು ನೋಡಿದಳು, ಒಮ್ಮೆ ನನ್ನ ಕುಂಚ ನೋಡಿದಳು. "ಇದ ಜತ್ತದ ಬಜಾರಕ್ಕ ಹೋದ್ರ ಸೋನ್ಯಾಳದ ಕುರುಬರ ಕಂಬಳಿ ಅಂತಾರ. ಸಂಗವ್ವಾಯಿ ಕಂಬಳಿ ಅಂತ ಒಬ್ಬರೂ ಅನ್ನೂದಿಲ್ಲ" ಎನ್ನುತ್ತಲೇ ಇಳಿದು ಬಂದು ಕುಂಚ ಕಿತ್ತುಕೊಂಡಳು. ನನ್ನನ್ನು ಮೊಣಕೈಯಿಂದ ಆಚೆಗೆ ನೂಕಿದಳು, ಇನ್ನೂ ನೋಯುತ್ತಿದೆ. "ನೀರ ತಗೊಂಬರ್ರಿ ಯಾರರೆ, ಬಿಸಿ ನೀರ. ಏ, ನಿಂತ ಏನ ನೋಡ್ತೀರಿ?" ಎಂದು ಓಣಿಗೆ ಕೂಗಿದಳು. ಮೊದಲು ಒಬ್ಬಳು ತಂಬಿಗೆ ತಂದಳು. ಆಮೇಲೆ ಯಾರು ಯಾವ ಬಾಗಿಲಿನಿಂದ ಬಂದರೋ ನಾನು ನೋಡಲಿಲ್ಲ. ಸೊಂಟ ಹಿಡಿದವಳಂತೂ ಎಲ್ಲರಿಗಿಂತ ಮುಂದೆ ಬಗ್ಗಿ ನಿಂತಿದ್ದಳು.

ಶಿದ್ರಾಯ ಕುರಿಹಟ್ಟಿಯಿಂದ ಬಂದಾಗ ಅವನ ಹೆಂಡತಿ ಅವನ ಬಾಗಿಲ ಮುಂದೆ ದುಂಡವ್ವನ ಹಾಸಿನ ಎಳೆಗೆ ಸರಿ ಹಚ್ಚುತ್ತಿದ್ದಳು. ಅವನು ನಿಂತ. ಎಲ್ಲರ ಕೈ ಒಂದು ಗಳಿಗೆ ತಡೆಯಿತು, ಮಾಳವ್ವನದು ತಡೆಯಲಿಲ್ಲ. ತಿರುಗಿಯೂ ನೋಡದೆ, "ಆ ಗೂಟ ಸಡಲ ಆಗೇತಿ, ಜಗ್ಗಿ ಹಿಡೀರಿ" ಎಂದಳು. ಅವನು ಕೋಲನ್ನು ಗೋಡೆಗೆ ಆನಿಸಿ, ಮುಖ ಇನ್ನೊಂದು ಕಡೆ ಮಾಡಿ ಗೂಟ ಹಿಡಿದ. ಒಂದು ಮಾತಾಡಲಿಲ್ಲ. ಹೇಳದೆ ಹಾಕಿದ್ದನ್ನು ಹೇಳದೆಯೇ ತೆಗೆದ ಎಂದು ನಾನು ತಿಳಿದುಕೊಂಡೆ. ತಪ್ಪಿದ್ದರೆ ನಿಮ್ಮ ವಕೀಲರು ತಿದ್ದಲಿ.

ಸಂಜೆ ಬೀರದೇವ ತಾನೇ ಬಂದು ಹಾಸು ಹೊತ್ತುಕೊಂಡು ಹೋದ. ಜೋಳದ ಚಿಂತೆ ನೀಗಿತು. ಆದರೆ ಅಕ್ಕವ್ವನ ಚಿಂತೆ ನೀಗಿಲ್ಲ. ಡಫಳಾಪುರದಿಂದ ಆಳು ಬಂದಿತ್ತು. ಕಾರಹುಣ್ಣಿವೆಯ ಒಳಗೆ ಬಂದು ಕರೆದುಕೊಂಡು ಹೋಗುತ್ತಾರಂತೆ. ಬಂದವರಿಗೆ ಉತ್ತರ ಹೇಳಬೇಕಾದವನು ಹಿರಿಯನಾದ ಶಿದ್ರಾಯ. ಕೈ ಹಚ್ಚಲು ಬಿಟ್ಟವನು ಹುಡುಗಿಯನ್ನು ಉಳಿಸಿಕೊಳ್ಳಲೂ ಬಿಡುತ್ತಾನೆ ಎಂದು ಹೇಳುವಂತಿಲ್ಲ.

ಆಯಿ
ಸಂಗವ್ವ


ಸೊಲ್ಲಾಪುರ
3 ಜೂನ್ 1953

ಪೂಜ್ಯ ಆಯಿಗೆ,

ಸಭೆಯಲ್ಲಿ ಈಗ ನಿನ್ನ ಪತ್ರ ಬಂತೆಂದರೆ ಎಲ್ಲರೂ ಕೆಲಸ ಬಿಟ್ಟು ಸುತ್ತ ಕೂಡುತ್ತಾರೆ. ವಕೀಲರು ಎರಡು ವಿಷಯ ಬರೆಯಲು ಹೇಳಿದ್ದಾರೆ.

ಗಂಡ ಹಿಂಸೆ ಕೊಡುತ್ತಿದ್ದರೆ ಹೆಂಡತಿ ಬೇರೆ ಇರಬಹುದು, ಅವನಿಂದ ಜೀವನಾಂಶವನ್ನೂ ಕೇಳಬಹುದು. ಅದಕ್ಕೆ ಕಾಯ್ದೆ ಇದೆ. ಡಫಳಾಪುರದವರು ಕೋರ್ಟಿಗೆ ಹೋದರೆ ಅಕ್ಕವ್ವನ ಪರವಾಗಿ ನಾವು ನಿಲ್ಲುತ್ತೇವೆ. ಇದನ್ನು ಶಿದ್ರಾಯಕಾಕಾನಿಗೆ ಹೇಳು. ವಕೀಲರು ಈ ಸಲ ನಗದೆ ಹೇಳುತ್ತಿದ್ದಾರೆ.

ಎರಡನೆಯದು, ಹಾಸಿನ ಸಂಗತಿಯನ್ನು ಹೊಸ ಹಸ್ತಪತ್ರದಲ್ಲಿ ಹಾಕಬೇಕೆಂದಿದ್ದೇವೆ. ವಾಕ್ಯ ಸಣ್ಣದಾಗಿ ಬರೆಯುತ್ತೇನೆ. ಹೆಸರು ಹಾಕಬಹುದೇ?

ಕಾರಹುಣ್ಣಿವೆಗೆ ಬರಲು ರಜೆ ಕೇಳಿದೆ, ಸಿಗಲಿಲ್ಲ. ಏನಾಯಿತೆಂದು ಅವತ್ತೇ ಬರೆ ಆಯಿ. ಆ ಬಾಗಿಲಲ್ಲಿ ಏನಾಗುತ್ತದೆ ಎಂದು ನಾನು ಯಾಕೆ ಇಷ್ಟು ಕಾಯುತ್ತೇನೆ ಎಂಬುದು ನಿನಗೆ ಗೊತ್ತು.

ನಿನ್ನ
ಹಾಲವ್ವ


ಸೋನ್ಯಾಳ
ಕಾರಹುಣ್ಣಿವೆಯ ಮರುದಿನ

ಹಾಲವ್ವಾ,

ಹೆಸರುಗಳು ನನ್ನವಲ್ಲ, ಅದಕ್ಕೆ ಅವರನ್ನೇ ಕೇಳಿದೆ. ದುಂಡವ್ವ ಬೇಡ ಎಂದಳು, ಹಾಕಬೇಡ. ಮಾಳವ್ವ, "ನಂದು ಹಾಕ್ರಿ. ನೀವು ಸರಿ ಕೆಡಿಸಿದ್ದೂ ಹಾಕ್ರಿ" ಎಂದಳು. ನಿನ್ನ ಇಷ್ಟ.

ಶಿದ್ರಾಯನಿಗೆ ಹೇಳು ಎಂದಿದ್ದೀ. ನಾನು ಹೋಗುವ ಮೊದಲೇ ಅವನು ಬಂದ. ಕಟ್ಟೆಯ ತುದಿಗೆ ಕೂತು ಮಳೆಯ ಮಾತು, ಕುರಿಯ ಮಾತು ಆಡಿದ. ನೀನು ಬರೆದ ಕಾಯ್ದೆ ಹೇಳಿದೆ. ಕೇಳಿಸಿಕೊಂಡ. ಎದ್ದು ರುಮಾಲು ಸುತ್ತಿಕೊಳ್ಳುವಾಗ, "ಸಂಗವ್ವಾಯಿ, ನಿಮ್ಮ ಆ ಕಾಗದಾಗ, ಹಿರಿಯಾರು ಹೆಣ್ಣಮಗಳನ್ನ ಕೇಳಬೇಕು ಅಂತ ಎಲ್ಲೆರೆ ಬರದೈತೇನ್ರಿ?" ಎಂದ.

ಸುಳ್ಳು ಹೇಳಬಹುದಾಗಿತ್ತು. ಅವನಿಗೆ ಓದು ಬರುವುದಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಇಲ್ಲಪಾ, ಹಂಗೇನೂ ಬರದಿಲ್ಲ" ಎಂದೆ.

"ಕೇಳಬ್ಯಾಡ್ರಿ ಅಂತ?"

"ಅದನ್ನೂ ಬರದಿಲ್ಲ."

ಹ್ಞೂಂ ಎಂದು ಹೋದ. ಅವತ್ತಿನ ರಾತ್ರಿಯೆಲ್ಲ, ಒಂದು ಸುಳ್ಳಿಗೆ ಹಿಂದೆಗೆದು ಹುಡುಗಿಯನ್ನು ಕಳಿಸಿದ ಹಾಗಾಯಿತೋ ಎಂದು ಹೊರಳಾಡಿದೆ.

ನಿನ್ನೆ ಹೋರಿಗಳಿಗೆ ಬಣ್ಣ ಹಚ್ಚುವ ಹೊತ್ತಿಗೆ ಡಫಳಾಪುರದವರು ಬಂದರು. ಅಕ್ಕವ್ವನ ಮಾವ, ಅವರ ಊರಿನ ಹಿರಿಯರಿಬ್ಬರು. ಗಂಡ ಬರಲಿಲ್ಲ. ಶಿದ್ರಾಯನ ಕಟ್ಟೆಯ ಮೇಲೆ ಕೂತರು. ನಮ್ಮ ಕಡೆಯ ಹಿರಿಯರೂ ಕೂತರು. ಹೆಂಗಸರು ಬಾಗಿಲಲ್ಲಿ, ನಾನು ಅವರ ನಡುವೆ. ದುಂಡವ್ವನ ಕೈ ನನ್ನ ಕೈಯಲ್ಲಿತ್ತು. ಮಾವ ಚಲೋ ಮಾತಾಡಿದ. ಆಗಿದ್ದು ಆಗಿಹೋಯಿತು, ಹುಡುಗ ಸಿಟ್ಟಿನವ, ಮನೆಯ ಮರ್ಯಾದೆ, ಬುತ್ತಿ ಕಟ್ಟಿ ಕಳಿಸಿ ಎಂದ. ಅವನು ಮುಗಿಸಿದ ಮೇಲೆ ಎಲ್ಲರೂ ಶಿದ್ರಾಯನನ್ನು ನೋಡಿದರು. ಅವನು ಎಲೆಯಡಿಕೆ ಉಗುಳಿ ಬಂದು ಕೂತು, "ಅಕ್ಕವ್ವಾ, ಹೊರಗ ಬಾ" ಎಂದ.

ಬಂದಳು. ಕಂಬಕ್ಕೆ ಒರಗಿ ನಿಂತಳು.

"ನೀ ಹೋಗ್ತೀಯೇನು?"

ಅಂಥ ಮಾತನ್ನು ಆ ಕಟ್ಟೆಯ ಮೇಲೆ ಯಾರೂ ಕೇಳಿರಲಿಲ್ಲ. ಮಾವ ನಕ್ಕ. "ಹುಡಗೀನ ಏನ ಕೇಳ್ತೀರಿ ಯಜಮಾನ್ರ. ನೀವು ಹೇಳ್ರಿ, ಆಕಿ ಬರ್ತಾಳ."

ಶಿದ್ರಾಯ ಅವನ ಕಡೆ ನೋಡಲೇ ಇಲ್ಲ. ಅಕ್ಕವ್ವ ನೆಲ ನೋಡುತ್ತಿದ್ದಳು. ಏನೋ ಅಂದಳು, ನಮಗೆ ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಗಟ್ಟಿ ಹೇಳವಾ. ನನಗ ಕಿವಿ ಮಂದ."

ಅವನ ಕಿವಿ ಚಲೋ ಇವೆ. ಗುಡ್ಡದ ಆಚೆ ಕುರಿ ಕೆಮ್ಮಿದರೆ ಅವನಿಗೆ ಕೇಳಿಸುತ್ತದೆ.

ಅವಳು ತಲೆ ಎತ್ತಿದಳು. "ನಾ ಹೋಗೂದಿಲ್ಲ ಕಾಕಾ."

ಶಿದ್ರಾಯ ಬೀಗರ ಕಡೆ ತಿರುಗಿ, ಕೈಯಲ್ಲಿದ್ದ ಎಲೆಯಡಿಕೆಯ ಚಂಚಿಯನ್ನು ಅವರ ಮುಂದೆ ಸರಿಸಿ, "ಕೇಳಿದ್ರಲ್ಲ. ಒಳಗ ಚಹಾ ಮಾಡ್ಯಾರ, ಕುಡದ ಹೋಗ್ರಿ" ಎಂದ.

ಕುಡಿದು ಹೋದರು.

ನಿನ್ನ ಆಯಿ
ಸಂಗವ್ವ